ಗುಡುಗಕ್ಕನ ಮಿಷನ್ನು, ತಕ್ಕಡಿಯ ಮುಳ್ಳು

ಗುಡುಗಕ್ಕ ಪಿಸುಗುಟ್ಟಿದರೆ ಸಾಕು, ಬೀದಿಯ ಆ ತುದಿಯ ದರ್ಜಿ ಕತ್ತರಿ ಕೆಳಗಿಟ್ಟು "ಕರೆದ್ರಾ ಅಕ್ಕಾ?" ಎಂದು ಕೇಳುತ್ತಾನೆ. ಇದು ಬರೀ ಬಣ್ಣ ಕಟ್ಟಿದ ಮಾತು ಎಂದು ಯಾರಾದರೂ ಮೂಗು ಮುರಿಯುವುದಾದರೆ ಮುರಿಯಲಿ, ಆ ದರ್ಜಿ ಇನ್ನೂ ಬದುಕಿದ್ದಾನೆ, ಹೋಗಿ ಕೇಳಬಹುದು. ಆ ಗಂಟಲು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ಸಿಡಿಯುವ ಮಿಷನ್ನಿನ ಪಕ್ಕದಲ್ಲಿ ನಿಂತು ಅರ್ಧ ಆಯುಷ್ಯ ಸವೆಸಿದವಳು ಮೆಲ್ಲಗೆ ಮಾತಾಡುವುದನ್ನು ಎಲ್ಲಿ ಹೋಗಿ ಕಲಿಯಬೇಕು, ನೀವೇ ಹೇಳಿ.

ಮಿಷನ್ನು ಇದ್ದದ್ದು ಮೊಟ್ಟೆಪುಡಿ ಕಾರ್ಖಾನೆಯಲ್ಲಿ. ಕಾಗದಪತ್ರದಲ್ಲಿ ಅದಕ್ಕೆ ಪಲ್ಸ್ ಕಂಬಶ್ಚನ್ ಡ್ರೈಯರ್ ಎಂಬ ಗೇಣುದ್ದದ ಹೆಸರು. ಕೆಲಸದವರ ಬಾಯಲ್ಲಿ ಅದು ಸಿಡಿಲು ಮಿಷನ್ನು. ಒಂದು ಕಡೆಯಿಂದ ಒಡೆದು ಕಲಕಿದ ಮೊಟ್ಟೆಯ ರಸ ಹೋಗುತ್ತದೆ, ಇನ್ನೊಂದು ಕಡೆಯಿಂದ ತೆಳು ಹಳದಿಯ ಪುಡಿ ಬಂದು ಚೀಲಕ್ಕೆ ಬೀಳುತ್ತದೆ. ನಡುವೆ ನಡೆಯುವುದೆಲ್ಲ ಬೆಂಕಿ ಮತ್ತು ಗಲಾಟೆ.

ಅವಳು ಮೊದಲು ಮೊಟ್ಟೆ ಒಡೆಯುವ ಮೇಜಿನಲ್ಲಿದ್ದವಳು. ಎರಡು ಕೈಯಲ್ಲಿ ಎರಡು ಮೊಟ್ಟೆ ಹಿಡಿದು ಒಟ್ಟಿಗೇ ಕುಟ್ಟಿ ಒಡೆಯುತ್ತಿದ್ದಳು, ಚಿಪ್ಪಿನ ಒಂದು ಚೂರೂ ಒಳಗೆ ಬೀಳುತ್ತಿರಲಿಲ್ಲ. ಹೊಸ ಮಿಷನ್ನು ಬಂದು ಕೂತ ದಿನ ಯಜಮಾನರು ಎಲ್ಲರನ್ನೂ ಒಣಗಿಸುವ ಕೋಣೆಗೆ ಕರೆದು ಸಾಲಾಗಿ ನಿಲ್ಲಿಸಿದ್ದರು. ಅಳವಡಿಸಲು ಬಂದಿದ್ದ ಎಂಜಿನಿಯರು ಗುಂಡಿ ಒತ್ತಿದ. ಮಿಷನ್ನು ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಆಮೇಲೆ ಹಿಡಿದುಕೊಂಡಿತು ನೋಡಿ, ಛಾವಣಿಯ ತಗಡೆಲ್ಲ ಒಟ್ಟಿಗೇ ಚಪ್ಪಾಳೆ ತಟ್ಟಿದವು. ಗಂಡಸರು ಎದ್ದೆವೋ ಬಿದ್ದೆವೋ ಎಂದು ಬಾಗಿಲಿಗೆ ನುಗ್ಗಿದರು. ಯಜಮಾನರು ಮೊಟ್ಟೆಯ ಟ್ರೇಗಳ ಹಿಂದೆ ಕುಕ್ಕರಗಾಲಲ್ಲಿ ಕೂತರು. ಹೊಗೆ ತಿಳಿಯಾದಾಗ ನೋಡಿದರೆ ಇವಳೊಬ್ಬಳೇ ನಿಂತಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಎಂಜಿನಿಯರು ಬೇರೆ ಯಾರನ್ನೂ ಹುಡುಕಲು ಹೋಗಲಿಲ್ಲ. ಅವಳಿಗೇ ಕಲಿಸಿ ಹೋದ.

ಕಲಿತದ್ದನ್ನು ಅವಳು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಪೈಕಿಯಲ್ಲ. ಕಾರ್ಖಾನೆಗೆ ಯಾರೇ ಬರಲಿ, ಮೊಟ್ಟೆ ತಂದ ಗಾಡಿಯವನೇ ಆಗಲಿ, ಹಿಡಿದು ನಿಲ್ಲಿಸಿ ಪಾಠ ಹೇಳುತ್ತಿದ್ದಳು.

"ಮೊಟ್ಟೆ ಹನಿ ಬಿಸಿಗಾಳಿಗೆ ಬಿತ್ತು ಅಂದ್ಕೊಳ್ಳಿ. ಬಿದ್ದ ತಕ್ಷಣ ಏನ್ಮಾಡುತ್ತೆ ಗೊತ್ತಾ? ತನ್ನದೇ ಹಬೇನ ಸುತ್ತಲೂ ಎಳ್ಕೊಂಡು, ಕಂಬಳಿ ಹೊದ್ದು ಮಲಗುತ್ತೆ. ಒಂದೇ ಸಮ ಬೀಸೋ ಗಾಳಿ ಆ ಕಂಬಳಿ ಮೇಲೇ ಜಾರ್ಕೊಂಡು ಹೋಗುತ್ತೆ. ಬಿಸಿ ಒಳಗೆ ಹೋಗಲ್ಲ, ನೀರು ಹೊರಗೆ ಬರಲ್ಲ. ನಮ್ಮ ಮಿಷನ್ ಹಂಗಲ್ಲ. ಮುಂದಕ್ಕೊಂದು ನೂಕು, ಹಿಂದಕ್ಕೊಂದು ಎಳೆತ. ಮುಂದಕ್ಕೆ, ಹಿಂದಕ್ಕೆ. ಕಂಬಳಿ ನಿಲ್ಲುತ್ತಾ? ಕಿತ್ಕೊಂಡು ಹೋಗುತ್ತೆ. ಇನ್ನೊಂದು ಹೊದ್ಕೊಳ್ಳೋಕೆ ಹೋದ್ರೆ ಅದನ್ನೂ ಎಳೆದು ಬಿಸಾಕುತ್ತೆ."

"ಅಷ್ಟು ಬಿಸೀಲಿ ಮೊಟ್ಟೆ ಬೆಂದು ಹೋಗಲ್ವಾ?" ಎಂದು ಕೇಳುವವರು ಕೇಳುತ್ತಿದ್ದರು. ಆ ಪ್ರಶ್ನೆಗಾಗಿಯೇ ಅವಳು ಕಾದಿರುತ್ತಿದ್ದಳು.

"ಒದ್ದೆ ಬಟ್ಟೇಲಿ ಗಾಳಿಗೆ ನಿಂತ್ರೆ ಚಳಿ ಆಗುತ್ತಲ್ಲ, ಹಂಗೆ. ನೀರು ಹಾರಿ ಹೋಗ್ತಾ ಇರೋವರೆಗೂ ಹನಿ ತಣ್ಣಗೇ ಇರುತ್ತೆ. ನೀರು ಮುಗಿಯೋ ಹೊತ್ತಿಗೆ ಅದು ಬೆಂಕಿ ದಾಟಿ ಕೆಳಗೆ ಚೀಲದಲ್ಲಿ ಕೂತಿರುತ್ತೆ. ಗುಟ್ಟು ಬೆಂಕೀಲಿ ಇಲ್ಲ ಸ್ವಾಮಿ, ಸಿಡಿತದಲ್ಲಿದೆ. ರಸಾನ ಹನಿಹನಿಯಾಗಿ ಚೂರು ಮಾಡೋದೂ ಆ ಸಿಡಿತಾನೇ."

ಮಿಷನ್ನಿನ ಹೊಟ್ಟೆಯ ಸಂಗತಿಯೂ ಸುಲಭದ್ದೇ. ಅನಿಲ ಮತ್ತು ಗಾಳಿ ಒಳಗೆ ಬಂದು ಢಂ ಎಂದು ಹೊತ್ತಿಕೊಳ್ಳುತ್ತವೆ. ಉರಿದ ಗಾಳಿ ಉದ್ದನೆಯ ಬಾಲದ ಕೊಳವೆಯಲ್ಲಿ ಹಾದು, ಮೊಟ್ಟೆಯ ರಸ ಬೀಳುವ ಒಣಗಿಸುವ ಗೂಡಿಗೆ ನುಗ್ಗುತ್ತದೆ. ನುಗ್ಗಿದ ರಭಸಕ್ಕೆ ಹಿಂದೆ ಜಾಗ ಖಾಲಿಯಾಗಿ ಹೊಸ ಗಾಳಿ ತಾನಾಗಿಯೇ ಒಳಕ್ಕೆ ಬರುತ್ತದೆ, ಉಳಿದ ಕಾವಿಗೆ ಮತ್ತೆ ಢಂ. ಶುರುವಿಗೆ ಮಾತ್ರ ಒಂದು ಕಿಡಿ, ಒಂದು ಊದುವ ಪಂಕ ಬೇಕು. ಆಮೇಲೆ ಎರಡನ್ನೂ ಆರಿಸಿ ಕೈಕಟ್ಟಿ ನಿಲ್ಲಬಹುದು. ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಸಿಡಿಯುವ ಈ ಗುಣ ಗುಡುಗಕ್ಕನಿಗೆ ಬಹಳ ಹಿಡಿಸಿತ್ತು. ಅವಳೂ ಹೆಚ್ಚುಕಡಿಮೆ ಹಾಗೆಯೇ ಇದ್ದಳು. ನೋಡಲು ಬಂದ ಗಂಡುಗಳಲ್ಲಿ ಇಬ್ಬರು ಅವಳ ಗಂಟಲಿಗೆ ಹೆದರಿ ಹಿಂದೆ ಸರಿದಿದ್ದರು, ಒಬ್ಬನ ಮೀಸೆಗೆ ಅವಳೇ ಹೆದರಿದ್ದಳು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಮದುವೆಯ ಮಾತು ಎತ್ತುವವರೂ ಇರಲಿಲ್ಲ, ಅವಳಿಗೆ ಪುರುಸೊತ್ತೂ ಇರಲಿಲ್ಲ. ಅಮ್ಮ, ಅವಳು, ಮೂರು ಬೀದಿ ಆಚೆ ಒಂದು ಹಳೆಯ ಮನೆ. ನಲವತ್ತು ದಾಟಿದ್ದನ್ನು ಅವಳು ಗಮನಿಸಲೂ ಇಲ್ಲ.

ಹೀಗಿರುವಾಗ ತಕ್ಕಡಿಯವರು ಬಂದರು.

ಕಾರ್ಖಾನೆಯ ಗೋಡೆಗೆ ಅಂಟಿಕೊಂಡಂತೆ ಬಾಡಿಗೆಯ ಒಂದು ಸಣ್ಣ ಕೋಣೆಯಿತ್ತು. ಔಷಧಿ ಅಂಗಡಿ, ಚಿನ್ನದ ಅಂಗಡಿ, ಕಾಲೇಜಿನ ಪ್ರಯೋಗಶಾಲೆ, ಇಂಥ ಕಡೆಯ ನಾಜೂಕು ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಮುಳ್ಳನ್ನು ಸೊನ್ನೆಗೆ ತಂದು ಕೊಡುವುದು ಅವರ ಕಸುಬು. ತಲೆಗೂದಲು ಬಿದ್ದರೂ ತಟ್ಟೆ ವಾಲುವಂಥ ತಕ್ಕಡಿಗಳು. ಕೆಲಸ ಮಾಡುವಾಗ ಉಸಿರು ಬಿಗಿಹಿಡಿದು ಬಿಗಿಹಿಡಿದು ಅವರಿಗೆ ಅದೇ ರೂಢಿಯಾಗಿತ್ತು, ಮಾತಾಡುವಾಗಲೂ ಉಸಿರನ್ನು ಚಿಲ್ಲರೆ ಎಣಿಸಿದಂತೆ ಬಿಡುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಪಾಪ, ಕೋಣೆ ನೋಡಲು ಅವರು ಬಂದದ್ದು ಕಾರ್ಖಾನೆಯ ರಜೆಯ ದಿನ. ಇಷ್ಟು ನಿಶ್ಶಬ್ದದ ಜಾಗ ಸಿಕ್ಕಿದ್ದು ತಮ್ಮ ಪುಣ್ಯ ಎಂದುಕೊಂಡು ಅಲ್ಲೇ ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಗಾಜಿನ ಪೆಟ್ಟಿಗೆಯ ಬಾಗಿಲು ಮುಚ್ಚುತ್ತಿದ್ದಂತೆ ಗೋಡೆಯ ಆಚೆ ಗುಡುಗಕ್ಕ ಮಿಷನ್ನು ಹಚ್ಚಿದಳು.

ಅವರು ದೂರು ಹೇಳಲು ಬಂದರು. ಒಣಗಿಸುವ ಕೋಣೆಯ ಬಾಗಿಲಲ್ಲಿ ನಿಂತು ಅವರ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಗುಡುಗಕ್ಕ ಮಿಷನ್ನನ್ನು ಬದಲಿಯವಳ ಕೈಗೆ ಕೊಟ್ಟು, ಅವರ ತೋಳು ಹಿಡಿದು ಅಂಗಳಕ್ಕೆ ಕರೆತಂದಳು.

"ಮೇಡಂ, ಒಂದ್ನಿಮಿಷ ನಮ್ಮ ಕೋಣೆಗೆ ಬರ್ತೀರಾ? ನಿಮಗೊಂದು ತೋರಿಸ್ಬೇಕು" ಎಂದರು.

ಹೋದಳು. ಗಾಜಿನೊಳಗೆ ಎರಡು ಖಾಲಿ ತಟ್ಟೆ, ನಡುವೆ ಉದ್ದನೆಯ ತೆಳ್ಳನೆ ಮುಳ್ಳು. ಸೊನ್ನೆಯ ಗೆರೆಯ ಮೇಲೆ ನಿಲ್ಲಬೇಕಾದ ಮುಳ್ಳು ಆಚೆ ಈಚೆ ಗಡಗಡ ನಡುಗುತ್ತಿತ್ತು.

"ನೋಡಿ. ತಟ್ಟೇಲಿ ಏನೂ ಇಲ್ಲ. ಆದ್ರೂ ನಿಲ್ತಿಲ್ಲ."

"ಇದು ನಮ್ಮ ಮಿಷನ್ನಾ?"

"ನಿಮ್ಮದೇ."

"ಅಯ್ಯೋ, ಎಷ್ಟು ಚೆನ್ನಾಗಿ ಕುಣೀತಿದೆ" ಎಂದಳು ಗುಡುಗಕ್ಕ. ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಮೊದಲ ಸಲ ಕಣ್ಣಲ್ಲಿ ಕಂಡಿದ್ದಳು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಮಗುವಿನ ಹಾಗೆ ನೋಡಿದಳು.

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ತಕ್ಕಡಿಯವರಿಗೆ ಈಗ ಮುಖವನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಅವರಿಗೆ ನಗು ಬಂತು. ನಕ್ಕರೂ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಸದ್ದಿಲ್ಲದೆ ನಗುವ ಗಂಡಸನ್ನು ಗುಡುಗಕ್ಕ ಅದುವರೆಗೆ ಕಂಡಿರಲಿಲ್ಲ. ಅಲ್ಲಿಗೆ ಅವಳ ಕಥೆ ಮುಗಿಯಿತು. ಪ್ರೀತಿಯಲ್ಲಿ ಬಿದ್ದಳು, ಅದೂ ಕಾಲು ಜಾರಿ ಧೊಪ್ಪನೆ.

ಆಗ ಮಿಷನ್ನು ಓಡುತ್ತಿದ್ದದ್ದು ಮಧ್ಯಾಹ್ನದವರೆಗೆ ಮಾತ್ರ. ತಕ್ಕಡಿಯವರು ಬೆಳಿಗ್ಗೆ ಬಿಚ್ಚುವ ಒರೆಸುವ ಕೆಲಸ ಮಾಡಿಕೊಂಡು, ಮಧ್ಯಾಹ್ನದ ಮೇಲೆ ತೂಗುವ ಕೆಲಸಕ್ಕೆ ಕೂರುವುದೆಂದು ಇಬ್ಬರೂ ರಾಜಿಯಾದರು. ಮಧ್ಯಾಹ್ನದ ಮೇಲೆ ಗುಡುಗಕ್ಕನಿಗೂ ಬಿಡುವೇ. ಮೊದಲು ಕಾರ್ಖಾನೆಯ ತಕ್ಕಡಿ ಕೆಟ್ಟಿದೆಯೆಂದು ಹೊತ್ತು ತಂದಳು. ಕೆಟ್ಟಿರಲಿಲ್ಲ. ಆಮೇಲೆ ಯಜಮಾನರ ಮೇಜಿನ ಕಾಗದ ತೂಗುವ ತಕ್ಕಡಿ ಬಂತು. ತರಕಾರಿ ಅಂಗಡಿಯವನನ್ನು ನಿನ್ನ ತಕ್ಕಡಿ ಸುಳ್ಳು ಹೇಳುತ್ತಿದೆಯೆಂದು ಗದರಿಸಿ ಅದನ್ನೂ ಕಿತ್ತು ತಂದಳು. ದವಾಖಾನೆಯಿಂದ ಕೂಸು ತೂಗುವ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ ದಿನ ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ಕೊನೆಗೆ ಅಡುಗೆಮನೆಯ ತಕ್ಕಡಿಗೂ ಕೈ ಹಾಕಿದಾಗ ಈರುಳ್ಳಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿದಳು.

"ಮನೇಲಿ ಇನ್ನೇನು ಉಳಿದಿದೆಯೇ ತೂಗೋಕೆ? ನನ್ನನ್ನೇ ಹೊತ್ಕೊಂಡು ಹೋಗು."

"ತಕ್ಕಡಿ ಸರಿಯಿಲ್ಲಮ್ಮಾ."

"ತಕ್ಕಡಿ ಸರಿಯಾಗೇ ಇದೆ. ಸರಿ ಇಲ್ಲದೇ ಇರೋದು ಯಾವುದು ಅಂತ ನನಗೆ ಗೊತ್ತು" ಎಂದು ಅಮ್ಮ ಈರುಳ್ಳಿಯ ಕಡೆಗೆ ತಿರುಗಿದಳು. ಆದರೆ ತಕ್ಕಡಿಯನ್ನು ಮಾತ್ರ ತಾನೇ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ತಕ್ಕಡಿಯವರು ಕೆಡದ ತಕ್ಕಡಿಗಳನ್ನೆಲ್ಲ ಗಂಭೀರವಾಗಿ ಬಿಚ್ಚಿ, ಗಂಭೀರವಾಗಿ ಜೋಡಿಸಿ ಕೊಡುತ್ತಿದ್ದರು. ಸ್ಟವ್ ಮೇಲೆ ಚಹಾ ಕಾಯಿಸುತ್ತಿದ್ದರು. ಇವಳು ಹನಿಯ ಕಂಬಳಿಯ ಕಥೆ ಹೇಳುತ್ತಿದ್ದಳು, ಅವರು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಳ್ಳುತ್ತಿದ್ದರು.

"ವಿಚಿತ್ರ ನೋಡಿ" ಎಂದರು ಒಮ್ಮೆ. "ಅಲುಗಾಟ ನಿಂತ್ರೆ ನನ್ನ ಕೆಲಸ ಶುರು. ಅಲುಗಾಟ ನಿಂತ್ರೆ ನಿಮ್ಮ ಕೆಲಸ ಕೆಟ್ಟಿತು."

"ಗೋಡೆ ಮಧ್ಯ ಇದೆಯಲ್ಲ, ಬಿಡಿ" ಎಂದಳು ಗುಡುಗಕ್ಕ. ಆ ಗೋಡೆಯಿಂದಲೇ ನಡುಕ ದಾಟಿ ಬರುತ್ತಿದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಚಹಾ ಕುಡಿಯುವಾಗ ಅದನ್ನೆಲ್ಲ ಯಾರು ನೆನೆಯುತ್ತಾರೆ.

ಸುಖಕ್ಕೆ ಕಣ್ಣು ಬಿತ್ತು. ದೊಡ್ಡ ಬಿಸ್ಕತ್ತು ಕಾರ್ಖಾನೆಯೊಂದು ಮೊಟ್ಟೆಪುಡಿ ಬೇಕೆಂದು ಕೇಳಿತು. ಯಜಮಾನರು ಹಿರಿಹಿರಿ ಹಿಗ್ಗಿದರು, ಮಿಷನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡತೊಡಗಿತು. ತಕ್ಕಡಿಯವರ ಮುಳ್ಳು ಹಗಲೆಲ್ಲ ನಡುಗಿತು. ರಾತ್ರಿ ದೀಪದ ಬೆಳಕಿನಲ್ಲಿ ಸಣ್ಣ ಗೆರೆ ನೋಡಲು ಅವರ ಕಣ್ಣು ಒಪ್ಪುತ್ತಿರಲಿಲ್ಲ. ಔಷಧಿ ಅಂಗಡಿಯವರು ಬಂದು ತಕ್ಕಡಿ ವಾಪಸು ಕೊಡಿ ಎಂದು ಕೇಳಿಕೊಂಡು ಹೋದರು. ಒಂದು ಸಂಜೆ ತಕ್ಕಡಿಯವರು ಚಹಾದ ಲೋಟ ಅವಳ ಮುಂದಿಟ್ಟು, ತಾವು ಮಾತ್ರ ಕುಡಿಯದೆ ಕೂತರು.

"ಬೇರೆ ಊರಲ್ಲಿ ಒಂದು ಕೋಣೆ ನೋಡಿದೀನಿ. ಗುರುವಾರ ಲಾರಿ ಬರುತ್ತೆ."

ಗುಡುಗಕ್ಕ ಲೋಟ ಕೈಗೆತ್ತಿಕೊಂಡಳು. ಹೋಗಬೇಡಿ ಎನ್ನಬೇಕು ಎಂದುಕೊಂಡಳು. ಬಾಯಿ ತೆರೆದರೆ ಬಂದದ್ದು ಬೇರೆಯೇ ಮಾತು.

"ಒಳ್ಳೇದಾಯ್ತು ಬಿಡಿ. ಕೆಲಸ ಮುಖ್ಯ" ಎಂದು ಲೋಟ ಬರಿದು ಮಾಡಿ ಎದ್ದು ಬಂದಳು. ಬೀದಿಯಲ್ಲಿ ನಡೆಯುತ್ತ ತನ್ನ ನಾಲಿಗೆಯನ್ನು ತಾನೇ ಮನಸಾರೆ ಬೈದುಕೊಂಡಳು.

ಮರುದಿನವೇ ಹೋಗಿ ವೆಲ್ಡರನ್ನು ಹಿಡಿದಳು. ಕಾರ್ಖಾನೆಯ ತಗಡಿನ ಕೆಲಸವೆಲ್ಲ ಮಾಡುತ್ತಿದ್ದವನು ಅವನೇ. ಬಾಲದ ಕೊಳವೆಯ ತುದಿಗೆ ಸಿಕ್ಕಿಸುವಂಥ ಒಂದು ಡ್ರಮ್ಮು, ಅದರೊಳಗೆ ಅಡ್ಡಡ್ಡ ತಗಡು, ಸಂದಿಯಲ್ಲೆಲ್ಲ ಸದ್ದು ಹೀರುವ ಗಾಜಿನ ಹತ್ತಿ, ಇಷ್ಟು ಬೇಕೆಂದಳು. ವೆಲ್ಡರು ತಲೆ ಕೆರೆದುಕೊಂಡ.

"ಅಕ್ಕಾ, ಇದು ಮಿಷನ್ನಿಗೆ ಒಗ್ಗುತ್ತಾ?"

"ಯಾಕೆ ಒಗ್ಗಲ್ಲ? ಸ್ಕೂಟರಿಗೆ ಸೈಲೆನ್ಸರ್ ಇಲ್ವಾ?"

"ಸಿಡಿತದಿಂದಲೇ ಒಣಗೋದು ಅಂತ ನೀವೇ ಅಲ್ವಾ ಎಲ್ಲರಿಗೂ ಹೇಳೋದು?"

"ನಾನು ಹೇಳಿದ್ದನ್ನೆಲ್ಲ ಕೇಳ್ಕೊಂಡು ಕೂತ್ರೆ ನೀನು ಬೆಸುಗೆ ಹಾಕೋದು ಯಾವಾಗ?"

ನೋಡಿ, ಅವಳಿಗೆ ಗೊತ್ತಿತ್ತು. ಸಿಡಿತ ಸತ್ತರೆ ಕಂಬಳಿ ಕೀಳುವವರಿಲ್ಲ ಎಂದು ಆ ಊರಿನಲ್ಲಿ ಗೊತ್ತಿದ್ದ ಮೊದಲ ವ್ಯಕ್ತಿಯೇ ಅವಳು. ಆದರೆ ಪ್ರೀತಿಯಲ್ಲಿ ಬಿದ್ದವರು ತಮಗೆ ಬೇಕಾದ ಹಾಗೆ ಭೌತಶಾಸ್ತ್ರವನ್ನೂ ತಿದ್ದಿಕೊಳ್ಳುತ್ತಾರೆ. ಬೆಂಕಿ ಅಷ್ಟೇ ಇರುತ್ತದಲ್ಲ, ಬಿಸಿ ಅಷ್ಟೇ ಇರುತ್ತದಲ್ಲ, ಸದ್ದು ಸ್ವಲ್ಪ ತಗ್ಗಿದರೆ ಮೊಟ್ಟೆಗೇನು ಗೊತ್ತಾಗುತ್ತದೆ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಂಗಳವಾರ ಯಜಮಾನರು ಬಿಸ್ಕತ್ತಿನವರನ್ನು ಕಾಣಲು ಹೋಗಿದ್ದರು. ಅದೇ ಸಮಯ ಎಂದು ಗುಡುಗಕ್ಕ ಮತ್ತು ವೆಲ್ಡರು ಸೇರಿ ಡ್ರಮ್ಮನ್ನು ಕೊಳವೆಗೆ ಬಿಗಿದರು. ಮಿಷನ್ನು ಹಚ್ಚಿದರೆ ಅದು ಕೆಮ್ಮಿತು, ಸೀನಿತು, ಹಿಡಿದುಕೊಳ್ಳಲಿಲ್ಲ. ಮುಂದೆ ಡ್ರಮ್ಮು ಅಡ್ಡ ನಿಂತಿದ್ದರಿಂದ ಉರಿದ ಗಾಳಿ ನುಗ್ಗುವುದೂ ಇಲ್ಲ, ಹೊಸ ಗಾಳಿಯನ್ನು ಎಳೆಯುವುದೂ ಇಲ್ಲ. ಆಗ ಅವಳು ಶುರುವಿಗಷ್ಟೇ ಬೇಕಾದ ಊದುವ ಪಂಕವನ್ನು ಆರಿಸದೆ ಹಾಗೆಯೇ ಬಿಟ್ಟಳು. ಬೆಂಕಿ ಸಿಡಿಯದೆ ಒಂದೇ ಸಮನೆ ಉರಿಯತೊಡಗಿತು. ಮಿಷನ್ನಿನ ಬಿಸಿ ತೋರಿಸುವ ಮುಳ್ಳು ಎಂದಿನ ಜಾಗಕ್ಕೆ ಏರಿತು. ಇಡೀ ಕೋಣೆಯಲ್ಲಿ ಬರೀ ಸುಯ್ ಎಂಬ ಸದ್ದು, ಹಾಲು ಕಾಯಿಸುವ ಒಲೆಯಷ್ಟು. ಮೊಟ್ಟೆ ಒಡೆಯುವ ಹೆಂಗಸರು ಪಕ್ಕದ ಕೋಣೆಯಿಂದ ಇಣುಕಿ ನೋಡಿದರು, ತಮ್ಮ ಮಾತು ತಮಗೇ ಕೇಳಿ ಅವರಿಗೆ ನಾಚಿಕೆಯಾಗಿತ್ತು.

ಗುಡುಗಕ್ಕ ಹೆಮ್ಮೆಯಿಂದ ರಸದ ಪಂಪು ಬಿಟ್ಟಳು.

ಪುಡಿ ಬರಲಿ ಎಂದು ಚೀಲದ ಮುಂದೆ ನಿಂತರು. ಪುಡಿ ಬರಲಿಲ್ಲ. ಚೀಲ ಬರಿದಾಗಿ ಜೋತುಬಿದ್ದಿತ್ತು. ಬದಲಿಗೆ ಒಂದು ವಾಸನೆ ಬಂತು. ಕೆಟ್ಟ ವಾಸನೆಯೇನಲ್ಲ, ಬಾಯಲ್ಲಿ ನೀರೂರಿಸುವಂಥದ್ದು. ವೆಲ್ಡರು ಮೂಗರಳಿಸಿ "ಅಕ್ಕಾ, ಯಾರೋ ಅಡುಗೆ ಮಾಡ್ತಿದಾರೆ" ಎಂದ. ಗುಡುಗಕ್ಕ ಮಿಷನ್ನಿನ ಕಡೆಗೆ ಓಡಿದಳು. ಅನಿಲ ನಿಲ್ಲಿಸಿದಳು, ಪಂಪು ನಿಲ್ಲಿಸಿದಳು, ಪಂಕ ಮಾತ್ರ ತಣ್ಣಗಾಗುವವರೆಗೆ ಓಡಲೆಂದು ಬಿಟ್ಟು, ಆಮೇಲೆ ಒಣಗಿಸುವ ಗೂಡಿನ ಬಾಗಿಲು ತೆಗೆದಳು.

ಒಳಗೆ ಆಮ್ಲೆಟ್ಟಿತ್ತು. ಒಂದು ಆಮ್ಲೆಟ್ಟು, ಆದರೆ ಆಳೆತ್ತರದ್ದು. ಚೂರು ಮಾಡುವ ಸಿಡಿತವಿಲ್ಲದೆ ರಸ ದಾರದಾರವಾಗಿ ಹೋಗಿ ಎದುರಿನ ಗೋಡೆಗೆ ಅಪ್ಪಳಿಸಿ, ಅಲ್ಲೇ ಅಂಟಿ, ಪದರದ ಮೇಲೆ ಪದರ ಬೆಂದು, ಹಾಸಿಗೆಯ ಹಾಗೆ ಉಬ್ಬಿಕೊಂಡು ನಿಂತಿತ್ತು. ಅಂಚೆಲ್ಲ ಹದವಾಗಿ ಕೆಂಪಾಗಿತ್ತು. ನೋಡುತ್ತಿದ್ದಂತೆ ಮೇಲಿನ ಅಂಚು ಗೋಡೆ ಬಿಟ್ಟು, ನಿಧಾನವಾಗಿ ಮಡಚಿಕೊಂಡು ಗುಡುಗಕ್ಕನ ಕಾಲಬುಡಕ್ಕೆ ಬಂದು ಬಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದು. ತಕ್ಕಡಿಯವರು ಓಡಿ ಬರುತ್ತಿದ್ದರು. ಕೈಯಲ್ಲಿ ಚಿಮಟ, ಒಂದೇ ಕಾಲಿಗೆ ಚಪ್ಪಲಿ. ಅವರು ಓಡಿದ್ದನ್ನು ಆ ಬೀದಿ ಅಂದಿನವರೆಗೆ ನೋಡಿರಲಿಲ್ಲ.

"ಏನಾಯ್ತು ನಿಮಗೆ?"

"ನನಗೇನಾಗಿಲ್ಲ."

"ಸದ್ದು ನಿಂತೋಯ್ತಲ್ಲ."

"ನಾನೇ ನಿಲ್ಲಿಸ್ದೆ. ಮಿಷನ್ನಿನ ಬಾಯಿ ಕಟ್ದೆ."

"ಯಾಕೆ?"

"ನೀವು ಹೋಗ್ಬಾರ್ದು ಅಂತ" ಎಂದಳು ಗುಡುಗಕ್ಕ. ಮಾತು ಹೊರಬಿದ್ದ ಮೇಲೆ ಅವಳಿಗೆ ಅಳು ಬಂತು, ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡಳು.

ತಕ್ಕಡಿಯವರು ಕಾಲಬುಡದ ಆಮ್ಲೆಟ್ಟನ್ನು ನೋಡಿದರು, ಅವಳನ್ನು ನೋಡಿದರು. ಮೊಟ್ಟೆಯ ಖಾಲಿ ಟ್ರೇಗಳ ಮೇಲೆ ಕುಸಿದು ಕೂತರು.

"ಮುಳ್ಳು ನಿಂತಿತ್ತು" ಎಂದರು. "ಒಂದೇ ಏಟಿಗೆ ಸೊನ್ನೆ ಮೇಲೆ. ಇಷ್ಟು ದಿನ ಇದಕ್ಕೇ ಕಾಯ್ತಿದ್ದೆ. ನಿಂತಿದ್ದು ನೋಡಿದ್ರೆ ಕೈಕಾಲು ತಣ್ಣಗಾಯ್ತು. ನಿಮಗೇನೋ ಆಗಿಹೋಯ್ತು ಅಂತ. ಹೆಂಗೆ ಬಂದೆ ಅಂತ ನನಗೇ ಗೊತ್ತಿಲ್ಲ."

"ಅಕ್ಕಾ, ಇದಕ್ಕೆ ಒಂಚೂರು ಉಪ್ಪು ಬೇಕಿತ್ತು" ಎಂದ ವೆಲ್ಡರು. ಗೂಡಿನೊಳಕ್ಕೆ ಕೈ ಹಾಕಿ ಒಂದು ತುಂಡು ಕಿತ್ತು ಬಾಯಿಗಿಟ್ಟುಕೊಂಡಿದ್ದ. ಅವನನ್ನು ಇಬ್ಬರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗುಡುಗಕ್ಕನಿಗೆ ಈಗ ಧೈರ್ಯ ಬಂದಿತ್ತು. ಅಷ್ಟು ದೊಡ್ಡ ಆಮ್ಲೆಟ್ಟು ಮಾಡಿದ ಮೇಲೆ ಇನ್ನು ಕಳೆದುಕೊಳ್ಳುವ ಮಾನವೂ ಉಳಿದಿರಲಿಲ್ಲ.

"ನಮ್ಮನೆ ಮುಂದಿನ ಕೋಣೆ ಖಾಲಿ ಇದೆ. ಮೂರು ಬೀದಿ ಆಚೆ. ಅಲ್ಲಿಗೆ ಮಿಷನ್ನಿನ ನಡುಕ ಬರಲ್ಲ."

"ಬಾಡಿಗೆ ಎಷ್ಟು?"

"ಬಾಡಿಗೆಗೆ ಕೊಡಲ್ಲ."

"ಮತ್ತೆ ಯಾರಿಗೆ ಕೊಡ್ತೀರಿ?"

"ಮದುವೆ ಆಗೋರಿಗೆ."

ಇದನ್ನು ಅವಳು ಎಂದಿನ ಗಂಟಲಲ್ಲೇ ಹೇಳಿದಳು, ಮಿಷನ್ನಿನ ಸದ್ದು ಇಲ್ಲವೆಂಬುದು ಮರೆತೇಹೋಗಿತ್ತು. ಪಕ್ಕದ ಕೋಣೆಯಲ್ಲಿ ಮೊಟ್ಟೆ ಒಡೆಯುವುದು ಒಮ್ಮೆಲೇ ನಿಂತಿತು. ತಕ್ಕಡಿಯವರ ಕಿವಿ ಕೆಂಪಾಯಿತು, ಆಮೇಲೆ ಕತ್ತು. ಚಿಮಟವನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದರು.

"ಮೊದಲು ಅಲ್ಲಿ ಮುಳ್ಳು ನಿಲ್ಲುತ್ತಾ ನೋಡ್ಬೇಕು" ಎಂದು ಹೇಳಿ, ಒಂದೇ ಚಪ್ಪಲಿಯಲ್ಲಿ ಹೊರಟುಹೋದರು.

ಇದು ಹೂಂ ಎಂದೋ ಊಹೂಂ ಎಂದೋ ಗುಡುಗಕ್ಕನಿಗೆ ತಿಳಿಯಲಿಲ್ಲ. ತೂಗುವ ಕಸುಬಿನವರಿಂದ ನೇರವಾದ ಉತ್ತರ ಬರುವುದು ಕಷ್ಟ. ಯಜಮಾನರು ವಾಪಸಾದವರು ಗೂಡಿನ ಬಾಗಿಲಲ್ಲಿ ನಿಂತು ಆಮ್ಲೆಟ್ಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮಾತಾಡಿದ್ದೇ ಮಾತಾಡಿದ್ದು, ಬಾಯಿಗೆ ಬಂದದ್ದೆಲ್ಲ ಬೈದರು. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು, ತಪ್ಪು ತನ್ನದೇ ಎಂದಳು, ತೋಳು ಮಡಚಿ ಗೂಡು ಕೆರೆಯಲು ಇಳಿದಳು. ಸಂಜೆಯ ಹೊತ್ತಿಗೆ ಡ್ರಮ್ಮು ಕಳಚಿ ಮೂಲೆ ಸೇರಿತ್ತು. ಮಿಷನ್ನು ಕೆಮ್ಮಿ, ಸೀನಿ, ಹಿಡಿದುಕೊಂಡಿತು, ಛಾವಣಿ ಚಪ್ಪಾಳೆ ತಟ್ಟಿತು, ಪುಡಿ ಹಿಟ್ಟಿನ ಹಾಗೆ ಸುರಿಯಿತು. ಅವಳಿಗೆ ಯಾವುದೂ ರುಚಿಸಲಿಲ್ಲ.

ಬುಧವಾರ ಮಧ್ಯಾಹ್ನ ತಕ್ಕಡಿಯವರು ಅವಳ ಮನೆಗೆ ಬಂದರು. ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು, ಮೂರು ಬೀದಿಯನ್ನೂ ಹೆಜ್ಜೆ ಹೆಜ್ಜೆ ನೋಡಿ ನಡೆದು ಬಂದಿದ್ದರು. ಅತ್ತ ಬದಲಿಯವಳು ಮಿಷನ್ನು ಓಡಿಸುತ್ತಿದ್ದಳು. ಓಡದಿದ್ದರೆ ಪರೀಕ್ಷೆಗೆ ಅರ್ಥವಿಲ್ಲವೆಂದು ಗುಡುಗಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮುಂದಿನ ಕೋಣೆಯ ಮುರುಕು ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಎಸೆದು, ಮರದ ಹಲಗೆಯ ನೆಲವನ್ನು ಎರಡು ಸಲ ಒರೆಸಿ, ಮೇಜನ್ನು ನಡುವೆ ಎಳೆದಿಟ್ಟಿದ್ದಳು. ಅಮ್ಮ ತೊಳೆದ ಸೀರೆಯುಟ್ಟು ಗೋಡೆಗೆ ಆತು ಕೂತಿದ್ದಳು.

ತಕ್ಕಡಿಯವರು ಪೆಟ್ಟಿಗೆ ಇಳಿಸಿದರು. ಕಾಲಿನ ತಿರುಪು ತಿರುಗಿಸಿ ಮಟ್ಟ ನೋಡಿದರು. ತಟ್ಟೆ ಒರೆಸಿದರು. ಗಾಜಿನ ಬಾಗಿಲು ಮುಚ್ಚಿ ಸಣ್ಣ ಗುಂಡಿಯನ್ನು ತಿರುಗಿಸಿ, ಅಲುಗದಂತೆ ಹಿಡಿದಿಟ್ಟಿದ್ದ ಮುಳ್ಳನ್ನು ಬಿಟ್ಟರು. ಮೂವರೂ ಉಸಿರು ಬಿಗಿಹಿಡಿದರು. ದೂರದ ಮಿಷನ್ನಿನ ಸದ್ದು ಕಿವಿಗೆ ಬೇಕೋ ಬೇಡವೋ ಎಂಬಷ್ಟು ಕೇಳುತ್ತಿತ್ತು.

ಮುಳ್ಳು ಆಚೆ ಹೋಯಿತು, ಈಚೆ ಬಂತು, ಇನ್ನೇನು ನಿಲ್ಲಬೇಕು ಎನ್ನುವಾಗ ಸಣ್ಣಗೆ ನಡುಗತೊಡಗಿತು. ನಿಲ್ಲಲಿಲ್ಲ.

ನಾಳೆ ಲಾರಿ ಬರುತ್ತದೆ, ಸಾಮಾನು ಏರುತ್ತದೆ, ಗೋಡೆಯ ಆಚೆ ಮತ್ತೆ ಯಾರೋ ಛತ್ರಿ ರಿಪೇರಿಯವನೋ ಬೀಗ ಮಾಡುವವನೋ ಬಂದು ಕೂರುತ್ತಾನೆ. ಗುಡುಗಕ್ಕ ಅದನ್ನೆಲ್ಲ ಒಂದೇ ಕ್ಷಣದಲ್ಲಿ ನೋಡಿಬಿಟ್ಟಳು.

"ಮೇಜು ಯಾರಾದ್ರೂ ಮುಟ್ಟಿದೀರಾ?" ಎಂದು ತಕ್ಕಡಿಯವರು ಮೆಲ್ಲಗೆ ಕೇಳಿದರು.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮುಳ್ಳು ಇನ್ನೂ ನಡುಗುತ್ತಿತ್ತು. ಅವರು ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನೋಡಿದರು. ಹಲಗೆಯ ಉದ್ದಕ್ಕೂ ಕೈ ಸರಿಸುತ್ತ ಹೋಗಿ ಗುಡುಗಕ್ಕನ ಪಾದದ ಹತ್ತಿರ ನಿಂತರು, ತಲೆ ಎತ್ತಿದರು. ಅವಳ ಕಾಲು ಮೊಣಕಾಲಿನಿಂದ ಕೆಳಗೆ ಗಡಗಡ ನಡುಗುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

"ಅದು ಮಿಷನ್ನಲ್ಲ, ನಮ್ಮ ಹುಡುಗಿ" ಎಂದಳು ಅಮ್ಮ ಗೋಡೆಯ ಬಳಿಯಿಂದ. "ಅವಳನ್ನ ಹೊರಗೆ ಕಳಿಸಿ ನೋಡಿ. ಮುಳ್ಳು ನಿಲ್ಲುತ್ತೆ."

ಗುಡುಗಕ್ಕ ಬಾಗಿಲ ಕಡೆ ಹೊರಟಳು. ತಕ್ಕಡಿಯವರು ಎದ್ದು ಅವಳ ಕೈ ಹಿಡಿದು ನಿಲ್ಲಿಸಿದರು.

"ಇವರು ಒಳಗೇ ಇರ್ಲಿ" ಎಂದರು. "ತಕ್ಕಡಿ ಬೇಕಾದ್ರೆ ಹೊರಗಿಡ್ತೀನಿ."

ಅಮ್ಮ ಒಂದು ಕ್ಷಣ ಇಬ್ಬರನ್ನೂ ನೋಡಿದಳು. ಆಮೇಲೆ, ಸಾಮಾನನ್ನು ನಾಳೆ ಇಲ್ಲಿಗೇ ತಂದಿಳಿಸಲೆಂದು ಲಾರಿಯವನಿಗೆ ಮನೆಯ ದಾರಿ ಹೇಳಿ ಬರಲು ಚಪ್ಪಲಿ ಮೆಟ್ಟಿಕೊಂಡು ಹೊರಟಳು.